ಹಣ ಹಂಚುವಂತಿಲ್ಲ, ಉಪದೇಶ ಹಂಚಬಹುದು

ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರ ಸೆಪ್ಟೆಂಬರ್‌ನಲ್ಲಿ ತಂದ ತಿದ್ದುಪಡಿಯ ಪ್ರಕಾರ, ಯಾವುದೇ ಸ್ವಯಂಸೇವಾ ಸಂಸ್ಥೆಯು ತನಗೆ ಹೊರದೇಶದಿಂದ ಬಂದ ದೇಣಿಗೆಯಲ್ಲಿ ಒಂದು ರೂಪಾಯಿಯನ್ನೂ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ; ಆ ಇನ್ನೊಂದು ಸಂಸ್ಥೆಗೆ ಅದೇ ಕಾಯ್ದೆಯಡಿ ನೋಂದಣಿ ಇದ್ದರೂ ಅಷ್ಟೆ. ಆದರೆ ಉಪದೇಶವನ್ನು ದಾಟಿಸಬಾರದೆಂದು ಕಾಯ್ದೆಯ ಯಾವ ಕಲಮಿನಲ್ಲೂ ಬರೆದಿಲ್ಲ. ಅದಕ್ಕಾಗಿ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕಿಲ್ಲ, ಲೆಕ್ಕಪರಿಶೋಧಕರ ರುಜುವೂ ಬೇಕಿಲ್ಲ. ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆ ಎಂಬ ಈ ಸೂಕ್ಷ್ಮವನ್ನು ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಗಳ ಸಂಸ್ಥಾಪಕರು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದಾರೆ. ಹಾಗಾಗಿ ಅವರು ಆಗಾಗ ಸಭೆ ಸೇರಿ ಒಬ್ಬರಿಗೊಬ್ಬರು ಧಾರಾಳವಾಗಿ ಮಾರ್ಗದರ್ಶನ ಮಾಡಿಕೊಳ್ಳುತ್ತಾರೆ.

ಇಂಥ ಸಭೆಗಳು ಸಾಮಾನ್ಯವಾಗಿ ದೇವನಹಳ್ಳಿಯ ಆಚೆಗೋ ಕನಕಪುರ ರಸ್ತೆಯ ಕಡೆಗೋ ಇರುವ, ಊಟ ಚೆನ್ನಾಗಿರುವ ರೆಸಾರ್ಟುಗಳಲ್ಲಿ ನಡೆಯುತ್ತವೆ. ಬಡತನದ ಬಗ್ಗೆ ಆಳವಾಗಿ ಯೋಚಿಸಲು ಹುಲ್ಲುಹಾಸು ಅಗತ್ಯವೆಂಬ ವಿಷಯದಲ್ಲಿ ಈ ವಲಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಇಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಮೆಂಟರ್. ಬೆಳಗಿನ ಅವಧಿಯಲ್ಲಿ ‘ಟ್ರಸ್ಟಿಗಳನ್ನು ನಿಭಾಯಿಸುವುದು ಹೇಗೆ’ ಎಂದು ಕಲಿಸಿದವರು, ಚಹಾ ವಿರಾಮದ ನಂತರ ತಮ್ಮಿಂದ ಕಲಿತವರ ಎದುರಿಗೇ ಪುಸ್ತಕ ಬಿಚ್ಚಿಕೊಂಡು ‘ಸ್ಕೇಲ್ ಮಾಡುವುದು ಹೇಗೆ’, ಅಂದರೆ ಕೆಲಸವನ್ನು ದೊಡ್ಡದಾಗಿ ಹಬ್ಬಿಸುವುದು ಹೇಗೆ ಎಂದು ಕಲಿಯಲು ಕೂರುತ್ತಾರೆ. ಗುರುವೇ ಶಿಷ್ಯನಾಗುವ ಈ ಏರ್ಪಾಡನ್ನು ಕಂಡು ಉತ್ಸಾಹಿಗಳೊಬ್ಬರು ಇದನ್ನು ಆಧುನಿಕ ಅನುಭವ ಮಂಟಪವೆಂದು ಕರೆಯುವುದುಂಟು. ಆ ಮಂಟಪಕ್ಕೆ ಜನ ಕಾಯಕ ಮುಗಿಸಿ ಬರುತ್ತಿದ್ದರು ಎಂಬಷ್ಟೇ ವ್ಯತ್ಯಾಸ. ಇಲ್ಲಿ ದಿನವೂ ಬಸ್ಸು ಹತ್ತಿ ಹಳ್ಳಿಗೆ ಹೋಗಿ ಕಾಯಕ ಮಾಡುವ ಕಾರ್ಯಕರ್ತೆಗೆ ಆಹ್ವಾನವಿರುವುದಿಲ್ಲ. ಆಕೆ ಸ್ಲೈಡಿನ ಬಲ ಮೂಲೆಯಲ್ಲಿ ನಗುತ್ತಿರುತ್ತಾಳೆ.

ವಿಚಾರ ವಿನಿಮಯದ ಅವಧಿಯನ್ನಂತೂ ಎಲ್ಲರೂ ಒಮ್ಮೆ ನೋಡಲೇಬೇಕು. ಶಿಕ್ಷಣ ಕ್ಷೇತ್ರದ ಸಂಸ್ಥಾಪಕರೊಬ್ಬರು ಎದ್ದು, ಬೇರೆ ಬೇರೆ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರಿಸಿ, ಕಾರ್ಡುಗಳ ಮೂಲಕ, ಪ್ರತಿ ಮಗುವೂ ತನ್ನದೇ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವಂತೆ ಮಾಡುವ ತಮ್ಮ ಹೊಸ ಆವಿಷ್ಕಾರವನ್ನು ವಿವರಿಸುತ್ತಾರೆ. ಸಭೆ ಬೆರಗಾಗುತ್ತದೆ. ಒಬ್ಬ ಮೆಂಟರ್ ಇದಕ್ಕೆ ಟ್ರೇಡ್‌ಮಾರ್ಕ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಆ್ಯಪ್ ಮಾಡಿಸಿ ಎನ್ನುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳ ಕಲಿಕೆಯ ಕ್ರಮವನ್ನು ಕಂಡು ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ಕಾರ್ಡುಗಳನ್ನು ರೂಪಿಸಿಕೊಂಡು ‘ನಲಿ-ಕಲಿ’ ಆರಂಭಿಸಿದ್ದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ಇದನ್ನು ಸಭೆಯಲ್ಲಿ ಹೇಳಬಲ್ಲವರೆಂದರೆ ರೆಸಾರ್ಟಿನ ಊಟದ ಮೇಜು ಒರೆಸುತ್ತಿರುವ ಹುಡುಗ ಮಾತ್ರ, ಏಕೆಂದರೆ ಅವನು ಆ ಕಲಿಕಾ ಏಣಿಯನ್ನು ಹತ್ತಿಯೇ ಅಕ್ಷರ ಕಲಿತವನು. ಒಂದು ವಿಚಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಜಕ್ಕೂ ಹೋದ ಕಥೆ ಅದು. ಹೋದವರು ಮೇಷ್ಟ್ರುಗಳಾದ್ದರಿಂದ ಅದನ್ನು ಪಿಯರ್ ಲರ್ನಿಂಗ್ (ಸರೀಕರಿಂದ ಕಲಿಕೆ) ಎಂದು ಯಾರೂ ಗುರುತಿಸಲಿಲ್ಲ.

ಮಧ್ಯಾಹ್ನ ಸೋಲುಗಳನ್ನು ಮನಬಿಚ್ಚಿ ಹಂಚಿಕೊಳ್ಳುವ ಅವಧಿ. ‘ನಾವು ತೀರಾ ವೇಗವಾಗಿ ಬೆಳೆದುಬಿಟ್ಟೆವು’ ಎಂದು ಒಬ್ಬರು ಗದ್ಗದಿತರಾಗುತ್ತಾರೆ. ‘ಸಮುದಾಯ ನಮ್ಮನ್ನು ಅತಿಯಾಗಿ ನಂಬಿತು’ ಎಂದು ಇನ್ನೊಬ್ಬರು ಕಣ್ಣೊರೆಸಿಕೊಳ್ಳುತ್ತಾರೆ. ಕೊಡಿಸಿದ ಹೊಲಿಗೆ ಯಂತ್ರಗಳು ಈಗ ಎಲ್ಲಿವೆ ಎಂಬಂಥ ಸೋಲುಗಳು ಈ ಅವಧಿಯ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಯೇ ಇಷ್ಟೆಲ್ಲ ಮನಬಿಚ್ಚಿದವರು ಒಂದೇ ಒಂದು ಸಂಗತಿಯಲ್ಲಿ ಬಾಯಿ ಬಿಗಿಹಿಡಿಯುತ್ತಾರೆ. ಕಂಪನಿ ಕಾಯ್ದೆಯ 135ನೇ ಕಲಮಿನಡಿ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಲೇಬೇಕಷ್ಟೆ. ಯಾವ ಕಂಪನಿಯ ಖಾತೆಯಲ್ಲಿ ಮಾರ್ಚ್ 31ಕ್ಕೆ ಮುನ್ನ ಖರ್ಚಾಗದ ಹಣ ಉಳಿದಿದೆ, ಅಲ್ಲಿ ಯಾರನ್ನು ಕಂಡರೆ ಕೆಲಸವಾಗುತ್ತದೆ ಎಂದು ಕೇಳಿ ನೋಡಿ. ಕೂಡಲೇ ಅವರಿಗೆ ತುರ್ತು ಫೋನ್ ಕರೆ ಬರುತ್ತದೆ.

ಇಷ್ಟು ಹೇಳಿದ ಮೇಲೆ ದಾನಿಗಳ ಪಾಲನ್ನು ಮರೆತರೆ ಅನ್ಯಾಯವಾದೀತು. ಕಂಪನಿಗಳ ಈ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ನಿಯಮಗಳು ಆಡಳಿತ ವೆಚ್ಚಕ್ಕೆ ಶೇ 5ರ ಮಿತಿ ಹಾಕಿರುವುದು ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಖರ್ಚಿಗೆ. ಯೋಜನೆ ಜಾರಿ ಮಾಡುವ ಸಂಸ್ಥೆಯ ನಿರ್ವಹಣಾ ವೆಚ್ಚ ಅದರಲ್ಲಿ ಸೇರುವುದಿಲ್ಲವೆಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವೇ 2021ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಆ ಶೇ 5ನ್ನು ಸಂಸ್ಥೆಯ ಕೊರಳಿಗೆ ಕಟ್ಟುವ ಕಂಪನಿಗಳಿಗೆ ಕೊರತೆಯಿಲ್ಲ. ಕಾರ್ಯಕರ್ತೆಯ ಸಂಬಳಕ್ಕೆ ಎರಡು ಸಾವಿರ ರೂಪಾಯಿ ಹೆಚ್ಚಿಸಿ ಎಂದರೆ ಅದು ಅನುತ್ಪಾದಕ ವೆಚ್ಚವೆನಿಸುತ್ತದೆ. ಆಕೆಯ ಸಂಸ್ಥಾಪಕರನ್ನು ಎರಡು ದಿನ ರೆಸಾರ್ಟಿನಲ್ಲಿಟ್ಟು, ಕಾರ್ಯಕರ್ತೆಯರು ಕೆಲಸ ಬಿಟ್ಟು ಹೋಗದಂತೆ ತಡೆಯುವುದು ಹೇಗೆಂದು ಚರ್ಚಿಸಲು ಬಿಟ್ಟರೆ ಅದು ಸಾಮರ್ಥ್ಯ ವರ್ಧನೆ ಎನಿಸಿಕೊಂಡು ವಾರ್ಷಿಕ ವರದಿಯಲ್ಲಿ ಬಣ್ಣದ ಪುಟ ಪಡೆಯುತ್ತದೆ. ಸಂಸ್ಥಾಪಕರನ್ನು ಇದರಲ್ಲಿ ಪೂರ್ತಿ ದೂಷಿಸಲಾಗದು. ಊಟ ಕೊಟ್ಟವರ ಎದುರು ಸಂಬಳದ ಮಾತೆತ್ತುವುದು ಕಷ್ಟವೇ.

ಕೊನೆಯ ಅವಧಿಯ ವಿಷಯ ‘ಸಹಯೋಗ’. ಒಂದೇ ತಾಲ್ಲೂಕಿನಲ್ಲಿ, ಒಂದೇ ಶಾಲೆಯ ಒಂದೇ ಗೋಡೆಗೆ ಸರದಿಯ ಮೇಲೆ ಬಣ್ಣ ಬಳಿಯುತ್ತಿರುವ ಸಂಸ್ಥೆಗಳು ಇನ್ನು ಮುಂದೆ ಕೂಡಿ ಬಳಿಯತಕ್ಕದ್ದೆಂಬ ನಿರ್ಣಯವು ಚಪ್ಪಾಳೆಗಳ ನಡುವೆ ಅಂಗೀಕಾರವಾಗುತ್ತದೆ. ಬ್ಯಾನರಿನಲ್ಲಿ ಯಾರ ಲೋಗೊ ಮೊದಲು ಬರಬೇಕೆಂಬ ಪ್ರಶ್ನೆ ಆಮೇಲೆ ಏಳುತ್ತದೆ. ಅಕಾರಾದಿಯಾಗಿ ಹಾಕೋಣವೆಂದು, ‘ಅ’ದಿಂದ ಶುರುವಾಗುವ ಹೆಸರಿನ ಸಂಸ್ಥೆಯವರು ನಿಸ್ವಾರ್ಥವಾಗಿ ಸೂಚಿಸುತ್ತಾರೆ. ‘ಸ’ದವರ ಸಂಖ್ಯೆ ಈ ವಲಯದಲ್ಲಿ ಬಹಳ ದೊಡ್ಡದು, ಅವರು ಸ್ಥಾಪನೆಯಾದ ವರ್ಷವನ್ನು ಪರಿಗಣಿಸಬೇಕೆಂದು ಪಟ್ಟು ಹಿಡಿಯುತ್ತಾರೆ. ವಿಷಯ ಇತ್ಯರ್ಥವಾಗದ ಕಾರಣ ಐವರು ಮೆಂಟರ್‌ಗಳ ಉಪಸಮಿತಿ ರಚನೆಯಾಗಿದ್ದು, ಅದರ ಮೊದಲ ಬೈಠಕ್ಕನ್ನು ಮಳೆಗಾಲ ಮುಗಿದ ಮೇಲೆ ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ಕರೆಯಲಾಗಿದೆ.