ಜಗ್ಗಾಟದಲ್ಲಿ ಯಾವ ಬಾಸ್ ಜೋರು?

ಅಮೆರಿಕದಲ್ಲಿ ಗಾಳ ಹಾಕುವವರು ನಾಲ್ಕು ಜನ ಸೇರಿದರೆ ಮಾತು ಸುತ್ತಿ ಬಳಸಿ ಒಂದೇ ಕಡೆ ಬರುತ್ತದೆ. ಬಾಸ್ ಎಂಬ ಹೆಸರಿನ ಮೀನುಗಳಲ್ಲಿ ಗಾಳಕ್ಕೆ ಬಿದ್ದ ಮೇಲೆ ಯಾವುದು ಜಾಸ್ತಿ ಜಗ್ಗುತ್ತದೆ? ನಮ್ಮ ಉಡುಪಿ ಕಡೆ ಯಾವ ಯಕ್ಷಗಾನ ಮೇಳದ ಆಟ ಚಂದ ಅಂತ ಜಗಳ ಆಗ್ತದಲ್ಲ, ಹಾಗೆ. ಮುಗಿಯುವುದೇ ಇಲ್ಲ. ನಾನು ಟೆನೆಸ್ಸಿಗೆ ಹೋಗಿ ನೆಲೆಸಿದ ಮೇಲೆ ಈ ಪಂಚಾಯ್ತಿಯಲ್ಲಿ ನನಗೂ ಒಂದು ಪಕ್ಷ ಆಯಿತು. ತೂಕಕ್ಕೆ ತೂಕ ಇಟ್ಟು ನೋಡಿದರೆ ಸ್ಮಾಲ್‌ಮೌತ್ ಬಾಸೇ ಜೋರು. ಆದರೆ ಕೋಡಿಬೆಂಗ್ರೆಯ ಅಳಿವೆಯಲ್ಲಿ ಸಿಗುವ ಸೀಬಾಸನ್ನು ಹೊರಗಿಟ್ಟು ತೀರ್ಪು ಕೊಡುವುದು ನನಗೆ ಒಪ್ಪಿಗೆ ಇಲ್ಲ.

ಮೊದಲು ಲಾರ್ಜ್‌ಮೌತ್. ಅಮೆರಿಕದಲ್ಲಿ ಅತಿ ಹೆಚ್ಚು ಜನ ಹಿಂದೆ ಬೀಳುವ ಮೀನು ಇದು. ಇದರ ಹೆಸರಲ್ಲಿ ಲಕ್ಷಗಟ್ಟಲೆ ಡಾಲರ್ ಬಹುಮಾನದ ಸ್ಪರ್ಧೆ ನಡೆಯುತ್ತದೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ ಹತ್ತು ಕಿಲೋದ ಲಾರ್ಜ್‌ಮೌತ್ ದಾಖಲೆಯನ್ನು 2009ರಲ್ಲಿ ಜಪಾನಿನ ಬಿವಾ ಕೆರೆಯಲ್ಲಿ ಒಬ್ಬರು ಸರಿಗಟ್ಟಿದರು, ಅಷ್ಟೇ. ಹೆಸರು ಇಷ್ಟು ದೊಡ್ಡದಾದರೂ ಜಗ್ಗಾಟ ಸುಮಾರು. ಕಚ್ಚುವಾಗ ಅಬ್ಬರ ಇರುತ್ತದೆ. ನೀರು ಸಿಡಿಯುತ್ತದೆ, ದೊಡ್ಡ ಬಾಯಿ ತೆರೆದು ಒಂದು ಸಲ ತಲೆ ಕೊಡವುತ್ತದೆ. ಆಮೇಲೆ ಜೊಂಡಿನ ಒಳಗೆ ನುಗ್ಗಿ ಕೂತು ಬಿಡುತ್ತದೆ. ಅರ್ಧ ಹೊತ್ತು ನಾವು ಎಳೆಯುವುದು ಮೀನನ್ನಲ್ಲ, ಅದರ ಜೊತೆ ಕಿತ್ತುಬಂದ ಕಳೆಯ ರಾಶಿಯನ್ನು. ಅದರ ತಪ್ಪೂ ಅಲ್ಲ. ನಿಂತ ನೀರಲ್ಲಿ ಹೊಂಚು ಹಾಕಿ, ಒಂದೇ ನೆಗೆತಕ್ಕೆ ನುಂಗುವ ಮೀನು. ದೂರ ಓಡುವ ಅಭ್ಯಾಸ ಅದಕ್ಕೆ ಯಾಕೆ ಬೇಕು?

ಸ್ಮಾಲ್‌ಮೌತ್ ಕಥೆ ಬೇರೆ. ಲಾರ್ಜ್‌ಮೌತ್‌ನ ಹತ್ತಿರದ ಸಂಬಂಧಿಯೇ, ಆದರೆ ತಂಪು ನೀರು, ಕಲ್ಲು ಬಂಡೆ, ಹರಿವು ಇದರ ಜಾಗ. ನಮ್ಮ ಟೆನೆಸ್ಸಿಯ ಡಕ್ ನದಿಯಲ್ಲಿ ಒಂದು ಕಿಲೋದ ಸ್ಮಾಲ್‌ಮೌತ್ ಗಾಳಕ್ಕೆ ಬಿದ್ದರೆ ಮೊದಲು ರಾಡಿನ, ಅಂದರೆ ಗಾಳದ ಕೋಲಿನ, ತುದಿ ಟಕ್ ಟಕ್ ಎನ್ನುತ್ತದೆ. ಕೈ ಎತ್ತುವುದರೊಳಗೆ ಅದು ನೀರಿನ ಹೊರಗೆ. ಕಂಚಿನ ಬಣ್ಣದ ಮೈ, ಕೆಂಪು ಕಣ್ಣು, ಗಾಳಿಯಲ್ಲಿ ಅಡ್ಡ ಬಿದ್ದು ಬಾಲ ಬಡಿಯುತ್ತಿರುತ್ತದೆ. ನೂಲು ಸಡಿಲ ಆಯಿತೋ, ಗಾಳ ಉಗಿದು ಹೋಯಿತು. ಎರಡು ಮೂರು ಸಲ ಹೀಗೆ ನೆಗೆದು, ಇನ್ನು ಸುಸ್ತಾಯ್ತು ಅಂತ ನಾವು ಅಂದುಕೊಂಡು ದೋಣಿ ಹತ್ತಿರ ತಂದಾಗ ಅದರ ನಿಜವಾದ ಕೆಲಸ ಶುರು. ನೇರ ದೋಣಿಯ ಅಡಿಗೆ ನುಗ್ಗುತ್ತದೆ. ರಾಡು ಬಿಲ್ಲಿನ ಹಾಗೆ ಬಾಗಿ ತುದಿ ನೀರಿಗೆ ಮುಳುಗುತ್ತದೆ. ಮೇಲೆ ತಂದರೆ ನಿಮ್ಮ ಮುಖ ನೋಡಿ ಮತ್ತೆ ಒಂದು ಸಲ ಕೆಳಗೆ! 1881ರಲ್ಲೇ ಜೇಮ್ಸ್ ಹೆನ್‌ಶಾಲ್ ಎಂಬ ಡಾಕ್ಟರು ಗಾತ್ರಕ್ಕೆ ಹೋಲಿಸಿದರೆ ಕಪ್ಪು ಬಾಸ್‌ಗಳಷ್ಟು ಹೋರಾಡುವ ಮೀನು ಇನ್ನೊಂದಿಲ್ಲ ಅಂತ ಬರೆದಿಟ್ಟರು. ಅವರು ಲಾರ್ಜ್‌ಮೌತ್, ಸ್ಮಾಲ್‌ಮೌತ್ ಎರಡನ್ನೂ ಸೇರಿಸಿ ಹೇಳಿದ್ದು. ಆ ಹೊಗಳಿಕೆಯ ದೊಡ್ಡ ಪಾಲು ಸ್ಮಾಲ್‌ಮೌತ್‌ಗೇ ಸಲ್ಲಬೇಕು ಅಂತ ನನ್ನ ಅಭಿಪ್ರಾಯ. ಇದರ ವಿಶ್ವದಾಖಲೆ, 1955ರಲ್ಲಿ ಡೇಲ್ ಹಾಲೋ ಜಲಾಶಯದಲ್ಲಿ ಸಿಕ್ಕಿದ್ದು, ಐದೂವರೆ ಕಿಲೋನೂ ಇಲ್ಲ. ಅಷ್ಟು ಚಿಕ್ಕ ಮೈಯಲ್ಲಿ ಇಷ್ಟು ಹಟ!

ಸ್ಟ್ರೈಪ್ಡ್ ಬಾಸ್, ಅಂದರೆ ಸ್ಟ್ರೈಪರ್, ಇವುಗಳ ಸಂಬಂಧಿಯೇ ಅಲ್ಲ. ಕಪ್ಪು ಬಾಸ್‌ಗಳು ಅಲ್ಲಿಯ ಸಣ್ಣ ಸನ್‌ಫಿಶ್‌ಗಳ ಕುಟುಂಬದವು. ಸ್ಟ್ರೈಪರ್ ಸಮುದ್ರದ ಮೀನು, ಮೊಟ್ಟೆ ಇಡಲು ನದಿ ಹತ್ತುತ್ತದೆ. ಟೆನೆಸ್ಸಿಯ ಜಲಾಶಯಗಳಿಗೆ ಮರಿ ತಂದು ಬಿಟ್ಟಿದ್ದಾರೆ. 2011ರಲ್ಲಿ ಕನೆಕ್ಟಿಕಟ್ ಹತ್ತಿರ ಸಿಕ್ಕಿದ ದಾಖಲೆ ಮೀನು 37 ಕಿಲೋ ತೂಗಿತ್ತು. ಇದು ನೆಗೆಯುವುದು ಕಡಿಮೆ. ಓಡುತ್ತದೆ. ರೀಲು ಕಿರ್ರ್ ಅಂತ ಕೂಗುತ್ತಲೇ ಇರುತ್ತದೆ, ನೂಲು ಹೋಗುತ್ತಲೇ ಇರುತ್ತದೆ, ನಾವು ಸುಮ್ನೆ ರಾಡ್ ಹಿಡಿದು ನಿಂತಿರಬೇಕು. ಒಟ್ಟು ಬಲದ ಲೆಕ್ಕದಲ್ಲಿ ಇದನ್ನು ಸ್ಮಾಲ್‌ಮೌತ್ ಮುಟ್ಟಲಾರದು. ಸ್ಟ್ರೈಪರ್ ಮತ್ತು ವೈಟ್ ಬಾಸ್ ಸೇರಿಸಿ ಮಾಡಿದ ಹೈಬ್ರಿಡ್ ಕೂಡ ಒಳ್ಳೆ ಜಗ್ಗಾಳಿ. ಇನ್ನು ಫ್ಲಾರಿಡಾದಲ್ಲಿ 1984ರಿಂದ ಕಾಲುವೆಗಳಿಗೆ ಬಿಟ್ಟ ಪೀಕಾಕ್ ಬಾಸ್ ಇದೆ. ಹೆಸರಿಗೆ ಬಾಸ್, ಕುಲದಲ್ಲಿ ಕೇರಳದವರು ಪ್ರಾಣ ಬಿಡುವ ಕರಿಮೀನಿನ ಬಳಗ. ಅದರ ಹೊಡೆತಕ್ಕೆ ಗಾಳದ ಮುಳ್ಳೇ ನೆಟ್ಟಗಾದದ್ದನ್ನು ಜನ ತೋರಿಸುತ್ತಾರೆ. ನನ್ನ ಗಾಳಕ್ಕೆ ಬಿದ್ದಿಲ್ಲ, ಹಾಗಾಗಿ ಪಟ್ಟಿಯಲ್ಲಿ ಜಾಗ ಕೊಡುವುದಿಲ್ಲ.

ಈಗ ಊರಿಗೆ ಬರೋಣ. ಸುವರ್ಣಾ, ಸೀತಾ ನದಿಗಳು ಕೂಡಿ ಸಮುದ್ರ ಸೇರುವ ಕೋಡಿಬೆಂಗ್ರೆಯಲ್ಲಿ, ಆ ಕಡೆ ಉದ್ಯಾವರ ಹೊಳೆಯ ಸೇತುವೆಗಳ ಕೆಳಗೆ, ಸಂಜೆ ಇಳಿತದ ಹೊತ್ತಿಗೆ ಕೈಗಾಳ ಹಾಕುವವರು ಸಿಗುತ್ತಾರೆ. ಈಚೆಗೆ ಹುಡುಗರು ರಾಡು, ರೀಲು, ಬಣ್ಣಬಣ್ಣದ ಲೂರ್ (ನಕಲಿ ಇರೆ) ಹಿಡಿದು ಬರುತ್ತಾರೆ. ನನ್ನ ಭಾವ ಮಾತ್ರ ಹಳೇ ಕ್ರಮ. ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ದಪ್ಪ ನೈಲಾನ್ ನೂಲು, ಜೀವಂತ ಸಿಗಡಿ, ತೋರುಬೆರಳಿಗೆ ಸೈಕಲ್ ಟ್ಯೂಬಿನ ತುಂಡು. ಟ್ಯೂಬ್ ಯಾಕೆ ಅಂತ ಸೀಬಾಸ್ ಕಚ್ಚಿದಾಗ ಗೊತ್ತಾಗುತ್ತದೆ. ನೂಲು ಬೆರಳನ್ನು ಕೊಯ್ಯುತ್ತಾ ಹೋಗುತ್ತದೆ. ಮೀನು ನೀರಿನಿಂದ ಅರ್ಧ ಎದ್ದು, ಕಿವಿರು ಅಗಲಿಸಿ ತಲೆ ಕೊಡವುತ್ತದೆ. ಅದರ ಕಿವಿರ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ನೂಲು ತಾಗಿದರೆ ನೂಲು ಹೋಯಿತು, ಕೈ ತಾಗಿದರೆ ಕೈ. ಅದಕ್ಕೇ ಭಾವ ಒದ್ದೆ ಗೋಣಿ ಹಾಕಿ ಹಿಡಿಯುವುದು.

ನೆಗೆತದಲ್ಲಿ ಸ್ಮಾಲ್‌ಮೌತ್, ಓಟದಲ್ಲಿ ಸ್ಟ್ರೈಪರ್, ಅಡಗಿಕೊಳ್ಳುವ ಬುದ್ಧಿಯಲ್ಲಿ ಲಾರ್ಜ್‌ಮೌತ್. ಮೂರೂ ಈ ಒಂದು ಮೀನಲ್ಲಿ ಇವೆ ಅಂತ ನನಗೆ ಅನಿಸುತ್ತದೆ. ಬದುಕಿನ ದಾರಿ ಮಾತ್ರ ಸ್ಟ್ರೈಪರ್‌ಗೆ ತಿರುಗುಮುರುಗು. ಅದು ಕಡಲಲ್ಲಿ ಬೆಳೆದು ಮೊಟ್ಟೆಗೆ ಹೊಳೆ ಹತ್ತಿದರೆ, ನಮ್ಮದು ಹೊಳೆಯಲ್ಲಿ ಬೆಳೆದು ಮೊಟ್ಟೆಗೆ ಮಳೆಗಾಲದ ಹೊತ್ತಿಗೆ ಅಳಿವೆ ಬಾಗಿಲಿಗೆ ಇಳಿಯುತ್ತದೆ. ಮೊದಲು ಗಂಡು, ಕೆಲವು ವರ್ಷ ಬೆಳೆದ ಮೇಲೆ ಹೆಣ್ಣು. ಹಾಗಾಗಿ ದೊಡ್ಡ ಸೀಬಾಸ್ ಸಿಕ್ಕಿತು ಅಂದರೆ ಹೆಚ್ಚಾಗಿ ಅದು ಹೆಣ್ಣೇ.

ಭಾವನಿಗೆ ಇದೆಲ್ಲ ಹೇಳಿ, ಅಮೆರಿಕದಲ್ಲಿ ಸಪೂರ ನೂಲಲ್ಲಿ ಅರ್ಧ ಗಂಟೆ ಮೀನನ್ನು ಆಟ ಆಡಿಸುತ್ತಾರೆ, ಆಮೇಲೆ ಫೋಟೋ ತೆಗೆದು ನೀರಿಗೆ ಬಿಡುತ್ತಾರೆ ಅಂದೆ.

"ಎಂತ ಆಟ ಆಡ್ಸುದು ಮಾರಾಯ? ಕಂಬಕ್ಕೆ ಒಂದು ಸುತ್ತು ಬಂದ್ರೆ ಮೀನೂ ಹೋಯ್ತು, ಗಾಳವೂ ಹೋಯ್ತು. ಕಚ್ಚಿದ್ರೆ ಎಳಿಬೇಕು."

"ಹಾಗಾದ್ರೆ ಅದು ಜಗ್ಗುವ ಮಜಾ ಎಲ್ಲಿ ಭಾವ?"

"ಮಜಾ ಬೇಕಾದ್ರೆ ಮನೆಗೆ ಬಾ. ಅಕ್ಕ ಪುಳಿಮುಂಚಿ ಮಾಡ್ತಾಳೆ."

ನಮ್ಮ ಕಡೆ ಮೀನಿಗೆ ಹೆಸರು ಬರುವುದು ಬಾಣಲೆಯಿಂದ. ಅಂಜಲ್, ಕಾಣೆ, ಮಾಂಜಿ ಅಂದ ಕೂಡಲೇ ರುಚಿ, ರೇಟು ನೆನಪಾಗುತ್ತದೆ, ಜಗ್ಗಾಟ ಅಲ್ಲ. ಮೀನು ಜೋರಾಗಿ ಜಗ್ಗುವುದು ಕೈಗಾಳದವನಿಗೆ ಕಿರಿಕಿರಿ, ಅಲ್ವಾ? ಅಲ್ಲಿ ಅದೇ ಮೀನಿನ ಗುಣ. ತಿನ್ನದೆ ಬಿಡುವವನಿಗೆ ಅಳೆಯಲು ಉಳಿಯುವುದು ಜಗ್ಗಾಟ ಒಂದೇ.

ಹಾಗೆ ಅಳೆಯುವುದರಲ್ಲೂ ಒಂದು ಮೋಸ ಇದೆ. ಜಗ್ಗಾಟದ ಅರ್ಧ ಭಾಗ ಮೀನಿನದ್ದು, ಇನ್ನರ್ಧ ಸಾಮಾನಿನದ್ದು. ಸಪೂರ ರಾಡಲ್ಲಿ ಕಾಲು ಕಿಲೋ ಮೀನೂ ಪೈಲ್ವಾನ. ದಪ್ಪ ನೂಲಲ್ಲಿ ಎರಡು ಕಿಲೋದ್ದೂ ಬಡಪಾಯಿ. ನೀರಿನ ಬಿಸಿ ಬೇರೆ. ಮೀನು ಜೀವ ಬಿಟ್ಟು ಎಳೆಯುವಾಗ ಬಳಸುವುದು ಬಿಳಿ ಸ್ನಾಯು, ಅದು ಬೇಗ ದಣಿಯುತ್ತದೆ, ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಚೇತರಿಸಿಕೊಳ್ಳುವುದು ಕಷ್ಟ. ಬೇಸಿಗೆಯಲ್ಲಿ ಬಹಳ ಹೊತ್ತು ಆಡಿಸಿ ಬಿಟ್ಟ ಸ್ಟ್ರೈಪರ್ ಈಜಿಕೊಂಡೇ ಹೋಗುತ್ತದೆ, ಆಮೇಲೆ ಎಷ್ಟೋ ಸಲ ಸಾಯುತ್ತದೆ. ನೀರು 21 ಡಿಗ್ರಿ ದಾಟಿದರೆ ಹಿಡಿದು ಬಿಡುವ ಆಟ ಬೇಡ ಅಂತ ಅಲ್ಲಿಯ ತಿಳಿದವರೇ ಹೇಳುತ್ತಾರೆ. ಅಟ್ಲಾಂಟಿಕ್ ಕರಾವಳಿಯಲ್ಲಿ ಇರೆ ಕಟ್ಟಿ ಸ್ಟ್ರೈಪರ್ ಹಿಡಿಯುವವರಿಗೆ 2021ರಿಂದ ಸರ್ಕಲ್ ಹುಕ್, ಅಂದರೆ ತುದಿ ಒಳಕ್ಕೆ ಬಾಗಿದ ಗಾಳದ ಮುಳ್ಳು, ಕಡ್ಡಾಯ. ಅದು ಗಂಟಲಿಗೆ ಇಳಿಯದೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಕಡಲಿನಲ್ಲಿ 2023ರಿಂದ 28ರಿಂದ 31 ಇಂಚಿನ ಒಳಗಿನದ್ದನ್ನು ಮಾತ್ರ ಮನೆಗೆ ಒಯ್ಯಬಹುದು, ಮೊಟ್ಟೆ ಇಡುವ ದೊಡ್ಡ ಹೆಣ್ಣು ಮೀನು ಉಳಿಯಲಿ ಅಂತ. ಇದು ನನಗೆ ತುಂಬ ಹಿಡಿಸಿದ ಕ್ರಮ. ಭಾವನಿಗೆ ಮಾತ್ರ ದೊಡ್ಡದು ಸಿಕ್ಕಿದಷ್ಟು ಖುಷಿ. ಅದೇ ಹೆಣ್ಣು ಮೀನು ಅಂತ ಹೇಳಿದರೆ, ಹೌದಾ ಅಂತ ಕೇಳಿ ಸಿಗಡಿ ಕಟ್ಟುತ್ತಾರೆ.

ಆದರೆ ಬೇಗ ಎಳೆದು ಮುಗಿಸುವ ವಿಷಯದಲ್ಲಿ ನಾನು ಪೂರ್ತಿ ಭಾವನ ಕಡೆ. ಬಿಡುವುದಾದರೆ ಬೇಗ ಬಿಡಬೇಕು, ತಿನ್ನುವುದಾದರೆ ಬೇಗ ಕೊಲ್ಲಬೇಕು. ಅರ್ಧ ಗಂಟೆ ಆಡಿಸಿದೆ ಅಂತ ಕೊಚ್ಚಿಕೊಳ್ಳುವವನ ಮುಂದೆ ಈಗ ನಾನು ಅವನ ನೂಲಿನ ದಪ್ಪ ಎಷ್ಟು ಅಂತ ಮೊದಲು ಕೇಳುತ್ತೇನೆ. ಜುಲೈ, ಆಗಸ್ಟಿನಲ್ಲಿ ಸ್ಟ್ರೈಪರ್ ತಂಟೆಗೆ ಹೋಗುವುದಿಲ್ಲ. ಸ್ಮಾಲ್‌ಮೌತ್‌ಗೆ ಹೋದರೂ ರೀಲಿಗೆ ಒಂದು ನಂಬರ್ ದಪ್ಪ ನೂಲೇ ಸುತ್ತುತ್ತೇನೆ. ಅದು ಆಗಲೂ ದೋಣಿಯ ಅಡಿಗೆ ನುಗ್ಗುತ್ತದೆ, ಬಿಡಿ.