ಮೊಜಾರ್ಟ್ ಕೇಳಿದರೆ ಕೂಸು ಜಾಣ ಆಗುತ್ತಾ?

ರೇಡಿಯೊದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹೊತ್ತು ಕಡಿಮೆಯಾಗುತ್ತೆ, ಆರ್ಕೆಸ್ಟ್ರಾಗಳ ಹಣಕ್ಕೆ ಕತ್ತರಿ ಬೀಳುತ್ತೆ ಅನ್ನುವ ಮಾತು ಎದ್ದಾಗ ಒಂದು ಹಳೇ ಸಂದೇಶವೂ ಮತ್ತೆ ಓಡಾಡುತ್ತದೆ. 18ನೇ ಶತಮಾನದ ಯುರೋಪಿನ ಸಂಗೀತಗಾರ ಮೊಜಾರ್ಟ್‌ನ ಸಂಗೀತ ಕೇಳಿಸಿದರೆ ಕೂಸಿನ ಬುದ್ಧಿ ಬೆಳೆಯುತ್ತದಂತೆ, ವಿಜ್ಞಾನಿಗಳೇ ಹೇಳಿದ್ದಂತೆ.

ಅದು ಹಾಗಿಲ್ಲ. ಇದರ ಮೂಲ 1993ರ ಒಂದು ಪುಟ್ಟ ಪ್ರಯೋಗ. ಅಲ್ಲಿ ಒಂದೇ ಒಂದು ಕೂಸೂ ಇರಲಿಲ್ಲ. ಇದ್ದವರು ಅಮೆರಿಕದ 36 ಕಾಲೇಜು ವಿದ್ಯಾರ್ಥಿಗಳು. 10 ನಿಮಿಷ ಮೊಜಾರ್ಟ್‌ನ ಪಿಯಾನೊ ಸಂಗೀತ ಕೇಳಿಸಿ, ಆಮೇಲೆ ಕೆಲವು ಪ್ರಶ್ನೆ ಕೊಟ್ಟರು. ಮಡಚಿ ಕತ್ತರಿಸಿದ ಕಾಗದ ಬಿಚ್ಚಿದರೆ ಹೇಗೆ ಕಾಣುತ್ತೆ, ಮನಸ್ಸಲ್ಲೇ ಊಹಿಸಬೇಕು. ಅಂಕ ಏರಿತು ನಿಜ, ಆದರೆ 10-15 ನಿಮಿಷದಲ್ಲಿ ಆ ಪರಿಣಾಮ ಮಾಯ. ಮುಂದಿನ ಪ್ರಯೋಗಗಳಲ್ಲಿ ಇಷ್ಟದ ಕಥೆ ಕೇಳಿದವರಿಗೂ ಇಂಥದ್ದೇ ಲಾಭ ಕಂಡಿತು. ಮನಸ್ಸು ಗೆಲುವಾಗಿದ್ದರೆ ಕೆಲಸ ಚುರುಕು, ಅಲ್ವಾ?

ಮಗುವಿಗೆ ಒಳ್ಳೇದಾಗಲಿ ಅಂತಲೇ ಜನ ಇದನ್ನು ಕಳಿಸೋದು. ನಂಬಿದವರು ನಾವಷ್ಟೇ ಅಲ್ಲ. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಮಕ್ಕಳಿಗೆಲ್ಲ ಶಾಸ್ತ್ರೀಯ ಸಂಗೀತ ಹಂಚಲು ಬಜೆಟ್ಟಿನಲ್ಲೇ 1,05,000 ಡಾಲರ್ ಕೇಳಿದ್ದರು!

ನೀವೇ ಪರೀಕ್ಷಿಸಬಹುದು. ಸಂದೇಶದಲ್ಲಿ ಬರೀ ‘ವಿಜ್ಞಾನಿಗಳು’ ಅಂತಿದ್ದು ವರ್ಷ, ಊರು ಏನೂ ಇಲ್ಲದಿದ್ದರೆ ಅಲ್ಲೇ ಸ್ವಲ್ಪ ನಿಲ್ಲಿ. ‘ಮೊಜಾರ್ಟ್ ಎಫೆಕ್ಟ್’ ಅಂತ ಹುಡುಕಿ. ಯಾರ ಮೇಲೆ ಪ್ರಯೋಗ ಮಾಡಿದರು, ಎಷ್ಟು ಜನ, ಪರಿಣಾಮ ಎಷ್ಟು ಹೊತ್ತು ಉಳಿಯಿತು, ಇಷ್ಟನ್ನು ನೋಡಿ. ಐದು ನಿಮಿಷದ ಕೆಲಸ.