ಬಹುಮಾನ ಬೇಡ, ಕೆಲಸಕ್ಕೆ ಕೂಲಿ ಕೊಡಿ

ಪೊನ್ನಂಪೇಟೆಯ ಹುಡುಗನೊಬ್ಬ ನಿನ್ನೆ ಒಂದು ಪೋಸ್ಟರ್ ಕಳುಹಿಸಿ, "ಅಣ್ಣಾ, ಇದಕ್ಕೆ ನನ್ನ ಆ್ಯಪ್ ಕಳುಹಿಸಲೇ?" ಎಂದು ಕೇಳಿದ. ಕಂಪನಿಯೊಂದು ನಡೆಸುವ ಕೃಷಿ ಆ್ಯಪ್‌ಗಳ ಸ್ಪರ್ಧೆ, ಮೊದಲ ಬಹುಮಾನ ಎರಡು ಲಕ್ಷ ರೂಪಾಯಿ. ನಿಯಮಗಳನ್ನು ಕೊನೆಯವರೆಗೂ ಓದಿದೆ. ಸ್ಪರ್ಧೆಗೆ ಬಂದ ಯಾವ ಕೋಡನ್ನಾದರೂ, ಬರೆದವರು ಗೆದ್ದರೂ ಸೋತರೂ, ಕಂಪನಿ ಹಣ ಕೊಡದೆ ಬಳಸಿಕೊಳ್ಳಬಹುದಂತೆ. ಮೈ ಉರಿದುಹೋಯಿತು.

ಅವನದು ಕಾಫಿ ತೋಟದ ಮಳೆ ಲೆಕ್ಕದ ಆ್ಯಪ್. ನಮ್ಮ ಬೆಳೆಗಾರರು ಮಳೆಯನ್ನು ಇಂಚು, ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು) ಬರೆದಿಡುತ್ತಾರೆ. ಮಿಲಿಮೀಟರ್ ಕೇಳಿದರೆ ಹಿರಿಯರು ಮೊಬೈಲನ್ನೇ ಪಕ್ಕಕ್ಕಿಡುತ್ತಾರೆ. ಜೋರು ಮಳೆಗೆ ಕರೆಂಟ್ ಹೋಗಿ ಟವರ್ ಸತ್ತರೂ ಲೆಕ್ಕ ಮೊಬೈಲಿನಲ್ಲೇ ಉಳಿದು, ಸಿಗ್ನಲ್ ಬಂದಾಗ ತಾನಾಗಿಯೇ ಸರ್ವರ್ ಸೇರುತ್ತದೆ. ಕಾಫಿ ಹೂವನ್ನು ಅರಳಿಸುವ ಹೂಮಳೆ ಈ ವರ್ಷ ಎಷ್ಟು, ಹೋದ ವರ್ಷ ಅದೇ ವಾರ ಎಷ್ಟು ಎಂಬುದು ಒಂದೇ ಪರದೆಯಲ್ಲಿ ಕಾಣುತ್ತದೆ. ತೋಟದ ನಡುವೆ ಬೆಳೆದವನಿಗೆ ಮಾತ್ರ ಹೊಳೆಯುವ ವಿಷಯಗಳಿವು. ಇದನ್ನು ಬಿಟ್ಟಿಯಾಗಿ ಕೊಡಬೇಕೇ?

ಕೊಯ್ಲಿಗೆ ನೂರು ಜನರನ್ನು ಕರೆದು, ಹೆಚ್ಚು ಹಣ್ಣು ಕೊಯ್ದ ಒಬ್ಬರಿಗೆ ಮಾತ್ರ ದುಡ್ಡು ಕೊಟ್ಟು, ಉಳಿದವರ ಚೀಲಗಳನ್ನೂ ಕಣಕ್ಕೆ ಸಾಗಿಸಿದರೆ ಕೊಡಗಿನಲ್ಲಿ ಯಾರಾದರೂ ಸುಮ್ಮನಿರುತ್ತಾರೆಯೇ?

ದೊಡ್ಡವರ ಚರಿತ್ರೆಯನ್ನೂ ನೋಡಿ. ನೆಟ್‌ಫ್ಲಿಕ್ಸ್ 2006ರಲ್ಲಿ ನೋಡುಗರಿಗೆ ಇಷ್ಟವಾಗುವ ಸಿನಿಮಾ ಸೂಚಿಸುವ ತನ್ನ ಶಿಫಾರಸು ವ್ಯವಸ್ಥೆಯನ್ನು ಶೇ 10ರಷ್ಟು ಸುಧಾರಿಸಿದವರಿಗೆ 10 ಲಕ್ಷ ಡಾಲರ್ ಘೋಷಿಸಿತು. 40,000ಕ್ಕೂ ಹೆಚ್ಚು ತಂಡಗಳು ಹೆಸರು ಕೊಟ್ಟವು. 2009ರಲ್ಲಿ ಗೆದ್ದದ್ದು ಒಂದೇ ತಂಡ. ಅದರ ಪೂರ್ತಿ ಪರಿಹಾರವನ್ನು ಕಂಪನಿ ಕೊನೆಗೂ ಬಳಕೆಗೆ ತರಲಿಲ್ಲ. 2013ರಲ್ಲಿ ಮೈಕ್ರೋಸಾಫ್ಟ್ ಕಂಪ್ಯೂಟರ್, ಫೋನ್‌ಗಳ ವಿಂಡೋಸ್ ಆ್ಯಪ್ ಮಳಿಗೆಗಳನ್ನು ತುಂಬಿಸಲು ಆ್ಯಪ್ ಒಂದಕ್ಕೆ 100 ಡಾಲರ್ ಆಮಿಷ ಒಡ್ಡಿತು. ಅದರ ವಿಂಡೋಸ್ ಫೋನ್ ಈಗ ಎಲ್ಲಿದೆ? ಅದಕ್ಕಾಗಿ ನಿದ್ದೆಗೆಟ್ಟು ಬರೆದವರ ಶ್ರಮವೂ ಅದರೊಂದಿಗೇ ಹೋಯಿತು. ಕಂಪನಿಗೆ ಬೇಕಾದದ್ದು ಅಂಗಡಿ ತುಂಬುವ ಸರಕು ಮಾತ್ರ.

ಗೂಗಲ್ ಒಳ್ಳೆಯದನ್ನೇ ಮಾಡಲಿಲ್ಲವೇ ಎನ್ನುವವರಿದ್ದಾರೆ. 2007ರಲ್ಲಿ ಆಂಡ್ರಾಯ್ಡ್‌ಗಾಗಿ ಒಂದು ಕೋಟಿ ಡಾಲರ್ ಬಹುಮಾನ ಘೋಷಿಸಿದಾಗ ಆ್ಯಪ್‌ನ ಹಕ್ಕನ್ನು ಬರೆದವರಿಗೇ ಬಿಟ್ಟಿತು, ನಿಜ. ನನ್ನ ಜಗಳವೂ ಅದೇ! ಹಕ್ಕು ನಮ್ಮದಾಗಿಯೇ ಉಳಿದರೆ ಸೋತವನೂ ಮನೆಗೆ ಏನನ್ನಾದರೂ ಒಯ್ಯುತ್ತಾನೆ. ಈ ಪೋಸ್ಟರಿನವರು ಅದನ್ನೂ ಕಿತ್ತುಕೊಳ್ಳುತ್ತಿದ್ದಾರೆ. "ಹೆಸರು ಬರುತ್ತದೆ, ಅನುಭವ ಸಿಗುತ್ತದೆ" ಎಂಬ ಮಾತು ನನ್ನ ಹತ್ತಿರ ಬೇಡ. ಸ್ವಂತವಾಗಿ ಕೋಡ್ ಬರೆದು ಸಂಸಾರ ನಡೆಸುವವನು ನಾನು. ಹೆಸರು ತೋರಿಸಿದರೆ ಗೋಣಿಕೊಪ್ಪದ ಅಂಗಡಿಯಲ್ಲಿ ಯಾರೂ ಅಕ್ಕಿ ಅಳೆದು ಕೊಡುವುದಿಲ್ಲ.

ಹುಡುಗನಿಗೆ ಕಳುಹಿಸಬೇಡ ಎಂದಿದ್ದೇನೆ. ಕಂಪನಿಗೆ ಆ್ಯಪ್ ಬೇಕಿದ್ದರೆ ಕರಾರುಪತ್ರ ಮಾಡಿಕೊಂಡು, ಮುಂಗಡ ಕೊಟ್ಟು ಕೇಳಲಿ. ನಿಮ್ಮ ಮನೆಯ ಮಕ್ಕಳಿಗೂ ಇಂಥ ಪೋಸ್ಟರ್ ಬಂದಿದ್ದರೆ ನಿಯಮಗಳ ಪುಟವನ್ನು ನನಗೆ ಕಳುಹಿಸಿ. ಸಾಲು ಸಾಲಾಗಿ ಓದಿ, ಹಕ್ಕು ಯಾರ ಕೈಗೆ ಹೋಗುತ್ತದೆ ಎಂದು ಹೇಳುತ್ತೇನೆ.